ವ್ಯಕ್ತಿ ಪರಿಚಯ: ಗಡಿ ದಾಟಿ ಹೋಗಿ ಮರಳಿ ಬಂದ ಡೊಲೊರೆಸ್ ಡೆಲ್ ರಿಯೋ



ನಮ್ಮ ಈ ಪುಟದಲ್ಲಿ ಸಾಮಾನ್ಯವಾಗಿ ಗಡಿನಾಡಿನ ಕವಿಗಳು, ಶಿಕ್ಷಕರು, ಹೋರಾಟಗಾರರ ಪರಿಚಯ ಬರುತ್ತದೆ. ಈ ಬಾರಿ ಬಹಳ ದೂರದ ಒಬ್ಬ ನಟಿಯ ಬದುಕನ್ನು ನಿಮ್ಮ ಮುಂದಿಡುತ್ತಿದ್ದೇವೆ. ಮೆಕ್ಸಿಕೊದ ಡೊಲೊರೆಸ್ ಡೆಲ್ ರಿಯೋ ತೀರಿಹೋಗಿ ನಾಲ್ಕು ದಶಕಗಳೇ ಕಳೆದಿವೆ. ಅವರಿಗೂ ನಮಗೂ ಏನು ಸಂಬಂಧ ಎಂದು ಕೇಳುವವರಿಗೆ ಮೊದಲೇ ಉತ್ತರ ಹೇಳಿಬಿಡುತ್ತೇವೆ.

ರಾಜ್ಯಗಳ ಗೆರೆ ಎಳೆದಾಗ ನಮ್ಮ ಹಿರಿಯರು ಇದ್ದಲ್ಲೇ ಇದ್ದರು, ಗೆರೆ ಮಾತ್ರ ಅವರ ಈಚೆಗೆ ಬಿತ್ತು. ಅಮೆರಿಕದಲ್ಲೂ ಅಂಥದೊಂದು ಗೆರೆ ಇದೆ. 1848ರ ಒಪ್ಪಂದದಲ್ಲಿ ಮೆಕ್ಸಿಕೊ ತನ್ನ ನೆಲದ ಸುಮಾರು ಅರ್ಧ ಭಾಗವನ್ನು ಅಮೆರಿಕಕ್ಕೆ ಬಿಟ್ಟುಕೊಡಬೇಕಾಯಿತು. ಕ್ಯಾಲಿಫೋರ್ನಿಯಾದಲ್ಲಿ, ನ್ಯೂ ಮೆಕ್ಸಿಕೊದಲ್ಲಿ ಸ್ಪ್ಯಾನಿಷ್ ಆಡುತ್ತಿದ್ದ ಸಾವಿರಾರು ಕುಟುಂಬಗಳು ಮನೆಯ ಹೊಸ್ತಿಲು ದಾಟದೆಯೇ ಬೇರೊಂದು ದೇಶದವರಾದವು. ಮುಂದೆ ಅದೇ ಕ್ಯಾಲಿಫೋರ್ನಿಯಾದಲ್ಲಿ ಹಾಲಿವುಡ್ ಎದ್ದಿತು. ಯಾರ ನೆಲದ ಮೇಲೆ ನಿಂತಿತೋ ಅವರನ್ನೇ ಅದು ಪರದೆಯ ಮೇಲೆ ಕಳ್ಳರಂತೆ, ಸೋಮಾರಿಗಳಂತೆ, ನಗೆಪಾಟಲಿನವರಂತೆ ತೋರಿಸಿತು. ಮೆಕ್ಸಿಕನ್, ಕ್ಯೂಬನ್, ಪೋರ್ಟೊ ರಿಕನ್ ಹೀಗೆ ಹಲವು ಮೂಲದ ಈ ಜನರನ್ನು ಇಂದು ಒಟ್ಟಾಗಿ ಲ್ಯಾಟಿನೊ ಎನ್ನುತ್ತಾರೆ. ಸಿನಿಮಾದಲ್ಲೂ ಟಿವಿಯಲ್ಲೂ ತಮ್ಮ ಪಾತ್ರವನ್ನು ಯಾರು ಮಾಡಬೇಕು, ಯಾವ ಮಾತಿನಲ್ಲಿ ಮಾಡಬೇಕು ಎಂದು ಅವರು ನೂರು ವರ್ಷದಿಂದ ಕೇಳುತ್ತಲೇ ಇದ್ದಾರೆ. ಆ ಪ್ರಶ್ನೆ ಡೊಲೊರೆಸ್ ಅವರ ಇಡೀ ಬದುಕನ್ನು ಹಾದು ಹೋಗಿದೆ. ಅದಕ್ಕಾಗಿ ಈ ಪರಿಚಯ.

ಬಾಲ್ಯ ಮತ್ತು ಮದುವೆ

ಡೊಲೊರೆಸ್ ಹುಟ್ಟಿದ್ದು 1904ರ ಆಗಸ್ಟ್ 3ರಂದು, ಉತ್ತರ ಮೆಕ್ಸಿಕೊದ ದುರಾಂಗೊ ಪಟ್ಟಣದಲ್ಲಿ. ತಂದೆ ಅಲ್ಲಿನ ಬ್ಯಾಂಕೊಂದರ ಮುಖ್ಯಸ್ಥರು. ತಾಯಿಯ ಕಡೆಯವರೂ ಹಳೆಯ ಸಿರಿವಂತ ಮನೆತನದವರು. 1910ರಲ್ಲಿ ಮೆಕ್ಸಿಕೊದ ಕ್ರಾಂತಿ ಆರಂಭವಾಯಿತು. ಬಡ ರೈತರೂ ಕೂಲಿಗಳೂ ಬಂದೂಕು ಹಿಡಿದು ಎದ್ದಾಗ ಜಮೀನುದಾರರಿಗೂ ಬ್ಯಾಂಕಿನವರಿಗೂ ದುರಾಂಗೊದಲ್ಲಿ ಉಳಿಗಾಲವಿರಲಿಲ್ಲ. ತಂದೆ ಗಡಿ ದಾಟಿ ಅಮೆರಿಕಕ್ಕೆ ಹೋದರು, ತಾಯಿ ಮಗಳನ್ನು ಕರೆದುಕೊಂಡು ರಾಜಧಾನಿ ಮೆಕ್ಸಿಕೊ ನಗರ ಸೇರಿದರು. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಬೇಕು. ಯಾವ ರೈತರ ಸಿಟ್ಟಿಗೆ ಹೆದರಿ ಈ ಕುಟುಂಬ ಊರು ಬಿಟ್ಟಿತೋ, ಮೂವತ್ತು ವರ್ಷಗಳ ನಂತರ ಅದೇ ರೈತರ ಮನೆಯ ಹೆಣ್ಣಾಗಿ ಡೊಲೊರೆಸ್ ಪರದೆಯ ಮೇಲೆ ಬಂದರು.

ರಾಜಧಾನಿಯಲ್ಲಿ ಫ್ರೆಂಚ್ ಸನ್ಯಾಸಿನಿಯರ ಶಾಲೆಯಲ್ಲಿ ಓದು, ಜತೆಗೆ ನೃತ್ಯಾಭ್ಯಾಸ. 1921ರ ಏಪ್ರಿಲ್ 11ರಂದು, ಹದಿನೇಳು ತುಂಬುವ ಮೊದಲೇ, ಹೈಮೆ ಮಾರ್ಟಿನೆಜ್ ಡೆಲ್ ರಿಯೋ ಎಂಬವರ ಜತೆ ಮದುವೆಯಾಯಿತು. ಆತ ಅವರಿಗಿಂತ ಬಹಳ ಹಿರಿಯ, ಯುರೋಪಿನಲ್ಲಿ ಓದಿದವರು, ಸಿರಿವಂತ ಮನೆಯವರು. ದಂಪತಿ ಸುಮಾರು ಎರಡು ವರ್ಷ ಯುರೋಪು ಸುತ್ತಿ ಬಂದರು. ಆ ಮದುವೆ ಹೆಚ್ಚು ಕಾಲ ಬಾಳಲಿಲ್ಲ, ಆದರೆ ಅದರಿಂದ ಬಂದ ಡೆಲ್ ರಿಯೋ ಎಂಬ ಹೆಸರು ಉಳಿಯಿತು. ಸ್ಪ್ಯಾನಿಷ್‌ನಲ್ಲಿ ಅದಕ್ಕೆ ನದಿಯ ಎಂದು ಅರ್ಥ. ಎರಡು ದೇಶಗಳ ನಡುವೆ ಗಡಿಯಾಗಿ ಹರಿಯುವುದೂ ಒಂದು ನದಿಯೇ, ರಿಯೋ ಗ್ರಾಂದೆ.

1925ರಲ್ಲಿ ಹಾಲಿವುಡ್‌ನ ನಿರ್ದೇಶಕ ಎಡ್ವಿನ್ ಕ್ಯಾರೂ ಮೆಕ್ಸಿಕೊ ನಗರಕ್ಕೆ ಬಂದಿದ್ದರು. ಚಿತ್ರಕಲಾವಿದ ಅದಾಲ್ಫೊ ಬೆಸ್ತ್ ಮೌಗಾರ್ದ್ ಅವರನ್ನು ಡೆಲ್ ರಿಯೋ ದಂಪತಿಯ ಮನೆಗೆ ಕರೆತಂದರು. ಅಲ್ಲಿ ಡೊಲೊರೆಸ್ ಅವರ ನೃತ್ಯ ಕಂಡ ಕ್ಯಾರೂ ಚಿತ್ರದಲ್ಲಿ ನಟಿಸಲು ಕೇಳಿಕೊಂಡರು. ಒಳ್ಳೆಯ ಮನೆತನದ ಹೆಣ್ಣು ಸಿನಿಮಾ ಸೇರುವುದನ್ನು ಆ ಸಮಾಜ ಒಪ್ಪುತ್ತಿರಲಿಲ್ಲ. ನಮ್ಮ ನಾಟಕ ಕಂಪನಿಗಳ ಮೊದಲ ನಟಿಯರೂ ಇಂಥ ಮಾತು ಕೇಳಿದವರೇ. ಆದರೂ ಅದೇ ವರ್ಷ ದಂಪತಿ ರೈಲು ಹತ್ತಿ ಹಾಲಿವುಡ್‌ಗೆ ಹೊರಟರು.

ಮೆಕ್ಸಿಕನ್ ಎನ್ನಲು ಪಟ್ಟ ಪಾಡು

ಆ ಕಾಲದ ಅಮೆರಿಕನ್ ಚಿತ್ರಗಳಲ್ಲಿ ಮೆಕ್ಸಿಕನ್ ಎಂದರೆ ದೊಡ್ಡ ಟೋಪಿ, ಜೋತುಬಿದ್ದ ಮೀಸೆ, ಬೆನ್ನ ಹಿಂದೆ ಚೂರಿ. ಗ್ರೀಸರ್ ಎಂಬ ಬೈಗುಳವನ್ನೇ ಚಿತ್ರಗಳ ಶೀರ್ಷಿಕೆಯಲ್ಲಿ ಹಾಕುತ್ತಿದ್ದರು, ಜಿಡ್ಡು ಮೆತ್ತಿದವನು ಎಂಬ ಅರ್ಥದಲ್ಲಿ. ಇದನ್ನು ಸಹಿಸದ ಮೆಕ್ಸಿಕೊ ಸರ್ಕಾರ 1922ರಲ್ಲಿ, ತನ್ನ ಜನರನ್ನು ಹೀಗೆ ತೋರಿಸುವ ಕಂಪನಿಗಳ ಚಿತ್ರಗಳಿಗೆ ದೇಶದೊಳಗೆ ಬಾಗಿಲು ಮುಚ್ಚಿತು.

ಇಂಥ ಹೊತ್ತಿನಲ್ಲಿ ಬಂದ ಚೆಲುವೆಯನ್ನು ಮೆಕ್ಸಿಕನ್ ಎಂದು ಪರಿಚಯಿಸಲು ಪ್ರಚಾರ ವಿಭಾಗಕ್ಕೆ ಅಳುಕಾಯಿತು. ಸ್ಪೇನ್ ಮೂಲದವಳೆಂದರೆ ಯುರೋಪಿನ ಘನತೆ, ಮೆಕ್ಸಿಕನ್ ಎಂದರೆ ಕೂಲಿಯವರ ನೆನಪು. ಹಾಗಾಗಿ ಸ್ಪ್ಯಾನಿಷ್ ನಟಿ ಎಂದು ಬರೆಸಿದರು. ಡೊಲೊರೆಸ್ ಅವರಿಗೆ ಇದು ಸರಿ ಬರಲಿಲ್ಲ. ತಾನು ಮೆಕ್ಸಿಕನ್ ಎಂದೇ ಅವರು ಹೇಳುತ್ತ ಬಂದರು. ಕೇಳಲು ಸಣ್ಣ ಸಂಗತಿ. ಆದರೆ ಅವರ ಸುತ್ತ ಇದ್ದವರನ್ನು ನೋಡಿದರೆ ಅದರ ತೂಕ ತಿಳಿಯುತ್ತದೆ. ಮುಂದಿನ ದಶಕದಲ್ಲಿ ಮಾರ್ಗರಿಟಾ ಕಾನ್ಸಿನೊ ಎಂಬ ಸ್ಪ್ಯಾನಿಷ್ ಮೂಲದ ಹುಡುಗಿಯ ಹೆಸರನ್ನು ಬದಲಿಸಿ, ಕಪ್ಪು ಕೂದಲಿಗೆ ಬಣ್ಣ ಹಾಕಿಸಿ, ಹಣೆಯ ಮೇಲಿನ ಕೂದಲನ್ನೂ ತೆಗೆಸಿ, ರೀಟಾ ಹೇವರ್ತ್ ಎಂಬ ಅಮೆರಿಕನ್ ತಾರೆಯನ್ನು ತಯಾರಿಸಿದರು. ದುರಾಂಗೊದವರೇ ಆದ, ಡೊಲೊರೆಸ್ ಅವರ ದೂರದ ಸೋದರಬಂಧು ರಾಮೊನ್ ನೊವಾರೊ ಕೂಡ ಹುಟ್ಟುಹೆಸರು ಬಿಟ್ಟೇ ಬೆನ್ ಹರ್ ಚಿತ್ರದ ನಾಯಕರಾದರು. ಡೊಲೊರೆಸ್ ಹೆಸರನ್ನೂ ಬಿಡಲಿಲ್ಲ, ಊರನ್ನೂ ಬಿಡಲಿಲ್ಲ.

ಎಲ್ಲರ ಪಾತ್ರ, ತನ್ನದೊಂದನ್ನು ಬಿಟ್ಟು

ಏರಿಕೆ ವೇಗವಾಗಿತ್ತು. 1926ರಲ್ಲಿ ಭರವಸೆಯ ಹೊಸ ನಟಿಯರ ಪಟ್ಟಿಯಲ್ಲಿ ಜೋನ್ ಕ್ರಾಫರ್ಡ್, ಜಾನೆಟ್ ಗೇನರ್ ಅವರ ಜತೆ ಡೊಲೊರೆಸ್ ಹೆಸರೂ ಬಂತು. ಅದೇ ವರ್ಷ ರಾವೂಲ್ ವಾಲ್ಷ್ ಅವರ ವಾಟ್ ಪ್ರೈಸ್ ಗ್ಲೋರಿ ಚಿತ್ರದಲ್ಲಿ ಫ್ರೆಂಚ್ ಹಳ್ಳಿಯ ಹುಡುಗಿಯಾದರು. 1927ರಲ್ಲಿ ಟಾಲ್‌ಸ್ಟಾಯ್ ಕಾದಂಬರಿ ಆಧರಿಸಿದ ರೆಸರೆಕ್ಷನ್‌ನಲ್ಲಿ ರಷ್ಯನ್ ಹೆಣ್ಣು, ಅದೇ ವರ್ಷ ಸ್ಪೇನಿನ ಕಾರ್ಮೆನ್. ಮೂಕಿ ಚಿತ್ರಗಳ ಕಾಲ ಅದು. ಮಾತಿಲ್ಲದ ಮುಖ ಯಾವ ದೇಶಕ್ಕೂ ಸಲ್ಲುತ್ತಿತ್ತು.

1928ರ ರಮೋನಾ ಈ ಸಾಲಿನಲ್ಲಿ ವಿಶೇಷವಾದದ್ದು. ಹೆಲೆನ್ ಹಂಟ್ ಜಾಕ್ಸನ್ 1884ರಲ್ಲಿ ಬರೆದ ಕಾದಂಬರಿ ಅದಕ್ಕೆ ಆಧಾರ. ಗೆರೆ ಸರಿದ ಮೇಲಿನ ಕ್ಯಾಲಿಫೋರ್ನಿಯಾದ ಕಥೆ ಅದು. ಮೂಲನಿವಾಸಿ ತಾಯಿಗೂ ಸ್ಕಾಟಿಷ್ ತಂದೆಗೂ ಹುಟ್ಟಿದ ರಮೋನಾ ಒಬ್ಬ ಮೂಲನಿವಾಸಿ ಯುವಕನನ್ನು ಮದುವೆಯಾಗುತ್ತಾಳೆ. ಹೊಸ ಒಡೆಯರು ಅವರನ್ನು ಊರಿಂದೂರಿಗೆ ಅಟ್ಟುತ್ತಾರೆ. ಚಿತ್ರದ ನಿರ್ದೇಶಕ ಕ್ಯಾರೂ ಸ್ವತಃ ಚಿಕಸಾ ಎಂಬ ಮೂಲನಿವಾಸಿ ಬುಡಕಟ್ಟಿಗೆ ಸೇರಿದವರು. ಹೀಗಿದ್ದೂ ನಾಯಕನ ಪಾತ್ರಕ್ಕೆ ಸಿಕ್ಕವರು ವಾರ್ನರ್ ಬ್ಯಾಕ್ಸ್ಟರ್ ಎಂಬ ಬಿಳಿಯ ನಟ. ಮೂಲನಿವಾಸಿಯೊಬ್ಬರ ಕೈಯಲ್ಲಿ ಕ್ಯಾಮೆರಾ ಇದ್ದಾಗಲೂ ಎದುರಿಗೆ ನಿಲ್ಲುವ ಮುಖವನ್ನು ಮಾರುಕಟ್ಟೆಯೇ ಆರಿಸುತ್ತಿತ್ತು. ಬಹುಕಾಲ ಕಳೆದುಹೋಗಿತ್ತೆಂದು ನಂಬಿದ್ದ ಈ ಚಿತ್ರದ ಪ್ರತಿ ಪ್ರಾಗ್ ನಗರದ ಸಂಗ್ರಹಾಲಯದಲ್ಲಿ ಸಿಕ್ಕಿತು. ಸರಿಪಡಿಸಿದ ಪ್ರತಿಯನ್ನು 2014ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಮತ್ತೆ ತೋರಿಸಿದರು.

1928ರಲ್ಲೇ ಹೈಮೆ ಅವರಿಂದ ವಿಚ್ಛೇದನವಾಯಿತು. ಹೆಚ್ಚು ದಿನ ಕಳೆಯುವ ಮೊದಲೇ ಆತ ಬರ್ಲಿನ್‌ನಲ್ಲಿ ತೀರಿಕೊಂಡರು. 1930ರಲ್ಲಿ ಡೊಲೊರೆಸ್ ಎಂಜಿಎಂ ಕಂಪನಿಯ ಕಲಾ ನಿರ್ದೇಶಕ ಸೆಡ್ರಿಕ್ ಗಿಬ್ಬನ್ಸ್ ಅವರನ್ನು ಮದುವೆಯಾದರು. ಆಸ್ಕರ್ ಪ್ರಶಸ್ತಿಯ ಪುತ್ಥಳಿಗೆ ರೂಪ ಕೊಟ್ಟವರು ಈ ಗಿಬ್ಬನ್ಸ್.

ಮಾತು ಬಂದ ಮೇಲೆ

ಅಷ್ಟರಲ್ಲಿ ಚಿತ್ರಗಳಿಗೆ ಮಾತು ಬಂದಿತ್ತು. ಅದುವರೆಗೆ ಯಾರಿಗೂ ಕೇಳದಿದ್ದ ನಟಿಯ ಉಚ್ಚಾರ ಈಗ ಎಲ್ಲರಿಗೂ ಕೇಳತೊಡಗಿತು. 1930ರಲ್ಲಿ ದಿ ಬ್ಯಾಡ್ ಒನ್ ಎಂಬ ಮೊದಲ ಮಾತಿನ ಚಿತ್ರದಲ್ಲಿ ನಟಿಸಿದರು. ಇಂಗ್ಲಿಷಿನಲ್ಲಿ ಸ್ಪ್ಯಾನಿಷ್ ಎಳೆತ ಇದ್ದವರಿಗೆ ಇನ್ನು ಮುಂದೆ ಪರದೇಶಿ ಪಾತ್ರವೇ ಗತಿ ಎಂಬಂತಾಯಿತು.

1932ರ ಬರ್ಡ್ ಆಫ್ ಪ್ಯಾರಡೈಸ್‌ನಲ್ಲಿ ದಕ್ಷಿಣ ಸಾಗರದ ದ್ವೀಪದ ರಾಜಕುಮಾರಿ, ಕೊನೆಗೆ ಜ್ವಾಲಾಮುಖಿಗೆ ಬಲಿಯಾಗುವವಳು. 1933ರ ಫ್ಲೈಯಿಂಗ್ ಡೌನ್ ಟು ರಿಯೋದಲ್ಲಿ ಬ್ರೆಜಿಲ್‌ನ ಶ್ರೀಮಂತರ ಮಗಳು. ಫ್ರೆಡ್ ಅಸ್ಟೇರ್, ಜಿಂಜರ್ ರಾಜರ್ಸ್ ಜೋಡಿ ಮೊದಲು ಒಟ್ಟಿಗೆ ಕುಣಿದ ಈ ಚಿತ್ರದಲ್ಲಿ ಮೊದಲ ಹೆಸರು ಡೊಲೊರೆಸ್ ಅವರದೇ. ಬ್ರೆಜಿಲ್‌ನವರು ಆಡುವುದು ಪೋರ್ಚುಗೀಸ್, ಮೆಕ್ಸಿಕೊದವರು ಆಡುವುದು ಸ್ಪ್ಯಾನಿಷ್. ಹಾಲಿವುಡ್‌ಗೆ ಆ ಭೇದ ಬೇಕಿರಲಿಲ್ಲ. ಉತ್ತರದ ಕೆಲವರಿಗೆ ವಿಂಧ್ಯದ ಈಚೆಗಿನವರೆಲ್ಲ ಮದ್ರಾಸಿಗಳಾಗಿ ಕಾಣುತ್ತಿದ್ದಂತೆ, ಅಲ್ಲಿ ರಿಯೋ ಗ್ರಾಂದೆಯ ಆಚೆಗಿನವರೆಲ್ಲ ಒಂದೇ.

ಇದೇ ಹೊತ್ತಿಗೆ ಹಾಲಿವುಡ್ ಸ್ಪ್ಯಾನಿಷ್ ಮಾರುಕಟ್ಟೆಗಾಗಿ ತನ್ನ ಚಿತ್ರಗಳನ್ನೇ ಮತ್ತೊಮ್ಮೆ ಸ್ಪ್ಯಾನಿಷ್‌ನಲ್ಲಿ ತೆಗೆಯತೊಡಗಿತ್ತು. 1931ರ ಡ್ರಾಕುಲಾವನ್ನು ಹಗಲು ಇಂಗ್ಲಿಷಿನಲ್ಲಿ, ರಾತ್ರಿ ಅದೇ ಸೆಟ್ಟಿನಲ್ಲಿ ಬೇರೆ ತಂಡದಿಂದ ಸ್ಪ್ಯಾನಿಷ್‌ನಲ್ಲಿ ಚಿತ್ರಿಸಿದರು. ಇಂಥ ಚಿತ್ರಗಳಲ್ಲಿ ಅಪ್ಪನದು ಸ್ಪೇನಿನ ಉಚ್ಚಾರ, ಮಗಳದು ಮೆಕ್ಸಿಕೊದ್ದು, ಇನ್ನೊಬ್ಬರದು ಅರ್ಜೆಂಟೀನಾದ್ದು ಎಂಬಂತಾಗಿ ನೋಡುಗರು ಬೇಸತ್ತರು. ಕಾಸರಗೋಡಿನ ತಂದೆಗೆ ಸೊಲ್ಲಾಪುರದ ಕನ್ನಡ ಆಡುವ ಮಗ, ಆದೋನಿಯ ಕನ್ನಡ ಆಡುವ ಮಗಳು ಇದ್ದರೆ ಹೇಗೋ ಹಾಗೆ. ಮೂರೂ ಒಳ್ಳೆಯ ಕನ್ನಡವೇ. ಆದರೆ ಆ ಮನೆ ಯಾವ ಊರಿನಲ್ಲೂ ಇಲ್ಲ.

ಅದೇ 1932ರಲ್ಲಿ ಡೊಲೊರೆಸ್ ನಟಿಸಿದ ಗರ್ಲ್ ಆಫ್ ದಿ ರಿಯೋ ಚಿತ್ರವನ್ನು ಅವರ ಅಭಿಮಾನಿಗಳೂ ಮೆಚ್ಚುವುದಿಲ್ಲ. ಗಡಿಯೂರಿನ ಕುಣಿತದ ಹುಡುಗಿಯ ಪಾತ್ರ ಅವರದು. ಅವಳ ಹಿಂದೆ ಬಿದ್ದ ಬಡಾಯಿಕೋರ ಮೆಕ್ಸಿಕನ್‌ನನ್ನು ನಗೆಪಾಟಲಾಗಿ ತೋರಿಸಿದ್ದರು. ಮೆಕ್ಸಿಕೊ ಸರ್ಕಾರ ಪ್ರತಿಭಟಿಸಿತು, ಅಲ್ಲಿ ಚಿತ್ರಕ್ಕೆ ನಿಷೇಧ ಬಿತ್ತು. ತಾನು ಮೆಕ್ಸಿಕನ್ ಎಂದು ಹಟ ಹಿಡಿದು ಹೇಳಿದ ನಟಿಯ ಚಿತ್ರಕ್ಕೆ ಮೆಕ್ಸಿಕೊದಲ್ಲೇ ತಡೆ. ಆ ಬಡಾಯಿಕೋರನ ಪಾತ್ರ ಮಾಡಿದ ಲಿಯೊ ಕ್ಯಾರಿಲ್ಲೊ ಹೊರಗಿನವರಲ್ಲ, ಗೆರೆ ಸರಿಯುವ ಮುಂಚಿನಿಂದಲೂ ಕ್ಯಾಲಿಫೋರ್ನಿಯಾದಲ್ಲಿದ್ದ ಹಳೆಯ ಸ್ಪ್ಯಾನಿಷ್ ಮನೆತನದವರು. ನಮ್ಮವರೇ ನಮ್ಮ ಪಾತ್ರ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಈ ಚಿತ್ರದಲ್ಲಿ ಇಬ್ಬರು ಮುಖ್ಯ ನಟರೂ ಅದೇ ಮೂಲದವರಾಗಿದ್ದರು. ಬರೆದವರು ಬೇರೆಯವರು, ದುಡ್ಡು ಹಾಕಿದವರು ಬೇರೆಯವರು, ನಗಲು ಕೂತವರೂ ಬೇರೆಯವರು.

ಡೊಲೊರೆಸ್ ಅವರ ಸಮಕಾಲೀನರಾದ ಲೂಪೆ ವೆಲೆಸ್ ಅವರಿಗೆ ಇನ್ನೂ ಇಕ್ಕಟ್ಟಿನ ದಾರಿ ಸಿಕ್ಕಿತು. ಮುರುಕು ಇಂಗ್ಲಿಷಿನಲ್ಲಿ ಕೂಗಾಡುವ ಮುಂಗೋಪಿ ಹೆಣ್ಣಿನ ಪಾತ್ರವನ್ನು ಮೆಕ್ಸಿಕನ್ ಸ್ಪಿಟ್‌ಫೈರ್ ಎಂಬ ಸಾಲು ಚಿತ್ರಗಳಲ್ಲಿ ಮತ್ತೆ ಮತ್ತೆ ಮಾಡಿಸಿದರು. ಆಕೆ 1944ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಒಬ್ಬರನ್ನು ಕೈಗೆಟುಕದ ಗೊಂಬೆಯಾಗಿಸಿದರು, ಇನ್ನೊಬ್ಬರನ್ನು ನಗೆಯ ವಸ್ತುವಾಗಿಸಿದರು. ಹಾಲಿವುಡ್‌ನ ಕಪಾಟಿನಲ್ಲಿ ಮೆಕ್ಸಿಕನ್ ಹೆಣ್ಣಿಗೆ ಇದ್ದದ್ದು ಈ ಎರಡೇ ಗೂಡು.

ಮನೆಗೆ ಮರಳಿದ್ದು

1930ರ ದಶಕದ ಕೊನೆಯಲ್ಲಿ ಅವಕಾಶಗಳು ಕಡಿಮೆಯಾದವು. 1941ರಲ್ಲಿ ಗಿಬ್ಬನ್ಸ್ ಅವರಿಂದ ವಿಚ್ಛೇದನ. ಆರ್ಸನ್ ವೆಲ್ಸ್ ಜತೆಗಿನ ಪ್ರೇಮವೂ ಮದುವೆಯವರೆಗೆ ಬರಲಿಲ್ಲ. ತಂದೆಯೂ ಆ ಹೊತ್ತಿಗೆ ಇರಲಿಲ್ಲ. ಮೂವತ್ತೆಂಟರ ಹೊತ್ತಿಗೆ, ಹಾಲಿವುಡ್ ನಟಿಯರನ್ನು ಮೂಲೆಗೆ ಸರಿಸುವ ವಯಸ್ಸಿನಲ್ಲಿ, ಡೊಲೊರೆಸ್ ಮೆಕ್ಸಿಕೊಗೆ ಮರಳಿದರು. ಬಹಳ ಜನ ಇದನ್ನು ಸೋಲೆಂದೇ ತಿಳಿದಿರಬೇಕು.

ಊರಿನಲ್ಲಿ ಅವರಿಗಾಗಿ ಒಂದು ತಂಡ ಕಾದಿತ್ತು. ನಿರ್ದೇಶಕ ಎಮಿಲಿಯೊ ಫರ್ನಾಂಡಿಸ್, ತಾಯಿಯ ಕಡೆಯಿಂದ ಕಿಕಾಪೂ ಬುಡಕಟ್ಟಿನವರಾದ್ದರಿಂದ ಎಲ್ ಇಂದಿಯೊ ಎಂದೇ ಹೆಸರಾದವರು. ಹಿಂದೊಮ್ಮೆ ದೇಶ ಬಿಟ್ಟು ಹಾಲಿವುಡ್‌ನಲ್ಲಿ ಗುಂಪಿನ ದೃಶ್ಯಗಳಲ್ಲಿ ನಿಂತು ಹೊಟ್ಟೆ ಹೊರೆದವರು. ಛಾಯಾಗ್ರಾಹಕ ಗೇಬ್ರಿಯಲ್ ಫಿಗೆರೋವಾ, ಕಥೆಗಾರ ಮೌರಿಸಿಯೊ ಮಗ್ದಲೇನೊ, ನಟ ಪೆದ್ರೊ ಅರ್ಮೆಂದಾರಿಸ್. 1943ರಲ್ಲಿ ಇವರೆಲ್ಲ ಸೇರಿ ಫ್ಲೋರ್ ಸಿಲ್ವೆಸ್ತ್ರೆ, ಅಂದರೆ ಕಾಡುಹೂವು ಎಂಬ ಚಿತ್ರ ಮಾಡಿದರು. ಕ್ರಾಂತಿಯ ಕಾಲದಲ್ಲಿ ಜಮೀನುದಾರನ ಮಗನನ್ನು ಮದುವೆಯಾದ ರೈತರ ಹುಡುಗಿಯ ಕಥೆ. ಹದಿನೆಂಟು ವರ್ಷ ಚಿತ್ರರಂಗದಲ್ಲಿದ್ದ ನಟಿ ತನ್ನ ತಾಯ್ನುಡಿಯಲ್ಲಿ ಮಾಡಿದ ಮೊದಲ ಚಿತ್ರ ಅದು. ಮೈತುಂಬ ಒಡವೆ, ತುಪ್ಪಳದ ಉಡುಪು ಬಿಟ್ಟು ಹತ್ತಿಯ ಸೀರೆಯಂಥ ಮುಸುಕು ಹೊದ್ದು, ಎರಡು ಜಡೆ ಹೆಣೆದು ನಿಂತರು.

ಅದರ ಬೆನ್ನಿಗೇ ಮರಿಯಾ ಕಾಂದೆಲಾರಿಯಾ ಬಂತು. 1944ರ ಜನವರಿಯಲ್ಲಿ ತೆರೆಕಂಡ ಈ ಚಿತ್ರ ಸೊಚಿಮಿಲ್ಕೊ ಎಂಬ ಊರಿನ ಕಾಲುವೆಗಳ ನಡುವೆ ನಡೆಯುತ್ತದೆ. ತಾಯಿಗೆ ಅಂಟಿದ ಕೆಟ್ಟ ಹೆಸರಿನಿಂದಾಗಿ ಊರವರು ಮರಿಯಾಳನ್ನು ದೂರವಿಟ್ಟಿದ್ದಾರೆ. ಹೂ ಮಾರಲೂ ಬಿಡುವುದಿಲ್ಲ. ಅವಳೂ ಅವಳ ಗೆಳೆಯ ಲೊರೆಂಸೊ ರಫಾಯೆಲ್ ಸಾಕಿದ ಹಂದಿಮರಿಯ ಮೇಲೆ ಮದುವೆಯ ಆಸೆ ಕಟ್ಟಿಕೊಂಡಿದ್ದಾರೆ. ಅಂಗಡಿಯವನ ದುರಾಸೆ ಅದನ್ನೂ ಉಳಿಸುವುದಿಲ್ಲ. ಮರಿಯಾ ಮಲೇರಿಯಾದಿಂದ ನರಳುವಾಗ ಲೊರೆಂಸೊ ಕ್ವಿನೈನ್ ಕದ್ದು ಜೈಲು ಸೇರುತ್ತಾನೆ. ಅವನನ್ನು ಬಿಡಿಸಲು ಮರಿಯಾ ಪೇಟೆಯ ಚಿತ್ರಕಾರನ ಮುಂದೆ ಕೂರುತ್ತಾಳೆ. ಆತ ಅವಳ ಮುಖ ಬರೆಯುತ್ತಾನೆ. ಬಟ್ಟೆ ಕಳಚಲು ಅವಳು ಒಪ್ಪದೆ ಎದ್ದು ಹೋದಾಗ ಇನ್ನೊಬ್ಬ ಹೆಂಗಸನ್ನು ನಿಲ್ಲಿಸಿ ದೇಹ ಬರೆದು ಮುಗಿಸುತ್ತಾನೆ. ಚಿತ್ರವನ್ನು ಕಂಡ ಊರವರು ಅದು ಇಡೀ ಮರಿಯಾಳೇ ಎಂದು ನಂಬಿ ಅವಳನ್ನು ಕಲ್ಲು ಹೊಡೆದು ಕೊಲ್ಲುತ್ತಾರೆ.

ಈ ಕಥೆಯನ್ನು ನಾವು ಡೊಲೊರೆಸ್ ಅವರ ಬದುಕಿನ ಪಕ್ಕದಲ್ಲಿಟ್ಟು ನೋಡುತ್ತೇವೆ. ಹದಿನೆಂಟು ವರ್ಷ ಹಾಲಿವುಡ್ ಮಾಡಿದ್ದು ಅದನ್ನೇ ಅಲ್ಲವೇ? ಅವರ ಮುಖ ತೆಗೆದುಕೊಂಡು ಫ್ರೆಂಚ್, ರಷ್ಯನ್, ಬ್ರೆಜಿಲಿಯನ್, ದ್ವೀಪವಾಸಿ ಹೀಗೆ ಯಾರ್ಯಾರದೋ ದೇಹಕ್ಕೆ ಅಂಟಿಸಿತು. ಚಿತ್ರಕಾರನಿಗೆ ಕೆಟ್ಟ ಉದ್ದೇಶವಿರಲಿಲ್ಲ. ಆತ ಅವಳ ಚೆಲುವನ್ನು ಮೆಚ್ಚಿದವನೇ. ಪಟದಲ್ಲಿರುವುದು ಯಾರು ಎಂದು ಊರಿಗೆ ಹೇಳುವ ಮಾತು ಮಾತ್ರ ಮರಿಯಾಳ ಕೈಯಲ್ಲಿರಲಿಲ್ಲ.

1946ರಲ್ಲಿ ನಡೆದ ಕಾನ್ ಚಿತ್ರೋತ್ಸವದಲ್ಲಿ ಹನ್ನೊಂದು ಚಿತ್ರಗಳಿಗೆ ಅತ್ಯುನ್ನತ ಪ್ರಶಸ್ತಿ ಹಂಚಿದರು. ಅವುಗಳಲ್ಲಿ ಮರಿಯಾ ಕಾಂದೆಲಾರಿಯಾ ಒಂದು. ಚೇತನ್ ಆನಂದ್ ಅವರ ನೀಚಾ ನಗರ್ ಇನ್ನೊಂದು. ಮೆಕ್ಸಿಕೊವೂ ಭಾರತವೂ ತಮ್ಮ ಬಡವರ ಕಥೆಯನ್ನು ತಮ್ಮ ಭಾಷೆಯಲ್ಲೇ ಹೇಳಿ ಒಂದೇ ವೇದಿಕೆಯಲ್ಲಿ ಗೌರವ ಪಡೆದವು.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಡೊಲೊರೆಸ್ ಸೊಚಿಮಿಲ್ಕೊದ ಹೂವಾಡಗಿತ್ತಿಯಲ್ಲ, ಬ್ಯಾಂಕಿನವರ ಮಗಳು. ಬಿಳಿಚರ್ಮದ ಸಿರಿವಂತ ಮನೆತನದವರು. ಆ ಚಿತ್ರದ ಮೂಲನಿವಾಸಿಗಳು ಬಹುಪಾಲು ಆಡುವುದು ಸ್ಪ್ಯಾನಿಷ್, ತಮ್ಮ ನಾವಾಟ್ಲ್ ಭಾಷೆಯನ್ನಲ್ಲ. ಪರದೇಶದವರು ಮೆಚ್ಚುವ ಹಾಗೆ ಬಡವರನ್ನು ಚೆಂದ ಮಾಡಿ ತೋರಿಸಿದ್ದಾರೆ ಎಂಬ ಟೀಕೆ ಮೆಕ್ಸಿಕೊದಲ್ಲೇ ಬಂತು. ಟೀಕೆಯಲ್ಲಿ ಹುರುಳಿದೆ. ಹಾಲಿವುಡ್ ಡೊಲೊರೆಸ್ ಅವರಿಗೆ ಮಾಡಿದ್ದನ್ನು ಡೊಲೊರೆಸ್ ಅವರ ಚಿತ್ರ ಸೊಚಿಮಿಲ್ಕೊದ ಹೆಂಗಸರಿಗೆ ಸ್ವಲ್ಪಮಟ್ಟಿಗೆ ಮಾಡಿತು. ಎರಡೂ ಒಂದೇ ಎನ್ನಲಾರೆವು. ಇಲ್ಲಿ ತಪ್ಪನ್ನು ತೋರಿಸುವವರೂ ಅದೇ ದೇಶದವರು, ಕೇಳುವವರೂ ಅದೇ ಭಾಷೆಯವರು. ಜಗಳವಾಡಲು ಒಂದು ಸ್ವಂತ ಅಂಗಳ ಇತ್ತು. ಹಾಲಿವುಡ್‌ನಲ್ಲಿ ಅದೂ ಇರಲಿಲ್ಲ.

ಮುಂದಿನ ಹತ್ತು ವರ್ಷ ಅವರ ನಟನೆಯ ಸುಗ್ಗಿ. ಲಾಸ್ ಅಬಾಂದೊನಾದಾಸ್, ದೊನ್ಯಾ ಪೆರ್ಫೆಕ್ತಾ, ಎಲ್ ನಿನ್ಯೊ ಇ ಲಾ ನಿಯೆಬ್ಲಾ ಚಿತ್ರಗಳಿಗಾಗಿ ಮೆಕ್ಸಿಕೊದ ಅತ್ಯುನ್ನತ ಅರಿಯೆಲ್ ಪ್ರಶಸ್ತಿ ಮೂರು ಸಲ ಬಂತು. ಹಾಲಿವುಡ್ ಅವರ ಕೈಗೆ ಕೊಡದಿದ್ದ ಪಾತ್ರಗಳಿವು. ತಾಯಿ, ವೇಶ್ಯೆ, ಹಟಮಾರಿ ಜಮೀನುದಾರಿಣಿ, ಎಲ್ಲರೂ ತಪ್ಪು ಮಾಡುವ, ಯೋಚಿಸುವ, ವಯಸ್ಸಾಗುವ ಹೆಂಗಸರು.

ಮುಚ್ಚಿದ ಬಾಗಿಲು, ತೆರೆದ ಬಾಗಿಲು

1954ರಲ್ಲಿ ಹಾಲಿವುಡ್ ಬ್ರೋಕನ್ ಲ್ಯಾನ್ಸ್ ಚಿತ್ರಕ್ಕೆ ಅವರನ್ನು ಕರೆಯಿತು. ಆದರೆ ಅಮೆರಿಕ ಸರ್ಕಾರ ಪ್ರವೇಶಕ್ಕೆ ಅನುಮತಿ ಕೊಡಲಿಲ್ಲ. ಸ್ಪೇನಿನ ಸರ್ವಾಧಿಕಾರಿ ಫ್ರಾಂಕೊನಿಂದ ತಪ್ಪಿಸಿಕೊಂಡು ಬಂದ ನಿರಾಶ್ರಿತರಿಗೆ ನೆರವಾದ ಕಾರಣಕ್ಕೆ ಅವರ ಮೇಲೆ ಕಮ್ಯುನಿಸ್ಟ್ ಎಂಬ ಗುಮಾನಿ ಬಿದ್ದಿತ್ತು. ಆ ಪಾತ್ರ ಮೆಕ್ಸಿಕೊದವರೇ ಆದ ಕೇಟಿ ಹುರಾಡೊ ಅವರಿಗೆ ಹೋಯಿತು. ಅದಕ್ಕೆ ಅವರು ಆಸ್ಕರ್ ನಾಮನಿರ್ದೇಶನ ಪಡೆದರು. ಡೊಲೊರೆಸ್ ಅವರ ಮೇಲಿನ ತಡೆ ತೆರವಾದದ್ದು 1956ರ ಹೊತ್ತಿಗೆ.

ಆ ದಶಕದಲ್ಲಿ ಮೆಕ್ಸಿಕನ್ ಪಾತ್ರಗಳನ್ನು ಯಾರು ಮಾಡುತ್ತಿದ್ದರು ನೋಡಿ. 1952ರಲ್ಲಿ ಮೆಕ್ಸಿಕೊದ ಕ್ರಾಂತಿನಾಯಕ ಸಪಾತಾ ಆದವರು ಮಾರ್ಲನ್ ಬ್ರಾಂಡೊ. 1958ರಲ್ಲಿ ಟಚ್ ಆಫ್ ಈವಿಲ್ ಚಿತ್ರದ ಮೆಕ್ಸಿಕನ್ ಅಧಿಕಾರಿಯಾಗಿ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡವರು ಚಾರ್ಲ್ಟನ್ ಹೆಸ್ಟನ್. ಅದರ ನಿರ್ದೇಶಕ ಬೇರೆ ಯಾರೂ ಅಲ್ಲ, ಆರ್ಸನ್ ವೆಲ್ಸ್. 1961ರ ವೆಸ್ಟ್ ಸೈಡ್ ಸ್ಟೋರಿಯಲ್ಲಿ ಪೋರ್ಟೊ ರಿಕೊದ ನಾಯಕಿ ನಟಾಲಿ ವುಡ್. ಅದೇ ಚಿತ್ರದಲ್ಲಿ ನಿಜಕ್ಕೂ ಪೋರ್ಟೊ ರಿಕೊದವರೇ ಆದ ರೀಟಾ ಮೊರೆನೊ ಅವರ ಮುಖಕ್ಕೂ ಇನ್ನಷ್ಟು ಕಪ್ಪು ಬಳಿದರು. ಇದ್ದ ಬಣ್ಣ ಸಾಲದು, ನೋಡುಗರ ಕಲ್ಪನೆಯ ಬಣ್ಣವೇ ಬೇಕು ಎಂಬ ಲೆಕ್ಕ ಅದು.

1960ರಲ್ಲಿ ಡೊಲೊರೆಸ್ ಫ್ಲೇಮಿಂಗ್ ಸ್ಟಾರ್ ಚಿತ್ರದಲ್ಲಿ ಎಲ್ವಿಸ್ ಪ್ರೀಸ್ಲಿಯ ತಾಯಿಯಾಗಿ, ಕಿಯೋವಾ ಬುಡಕಟ್ಟಿನ ಹೆಣ್ಣಾಗಿ ಹಾಲಿವುಡ್‌ಗೆ ಮರಳಿದರು. 1964ರಲ್ಲಿ ಜಾನ್ ಫೋರ್ಡ್ ಅವರ ಶಯೆನ್ ಆಟಮ್. ಅಮೆರಿಕದ ಟಿವಿ ಸರಣಿಗಳಲ್ಲೂ ಆಗೀಗ ಕಾಣಿಸಿಕೊಂಡರು. ಹಾಲಿವುಡ್ ಅವರಿಗೆ ಕೊಟ್ಟದ್ದು ಮತ್ತೆ ಬೇರೆಯವರ ಪಾತ್ರಗಳನ್ನೇ. ಆದರೆ ಈಗ ಅವರಿಗೆ ಹೋಗಿ ಬರಲು ಒಂದು ಮನೆ ಇತ್ತು. 1959ರಲ್ಲಿ ರಂಗಭೂಮಿಯ ನಿರ್ಮಾಪಕ ಲೂಯಿಸ್ ರೈಲಿ ಅವರನ್ನು ಮದುವೆಯಾಗಿ ಮೆಕ್ಸಿಕೊದಲ್ಲೇ ನೆಲೆಸಿದ್ದರು. ನಾಟಕಗಳನ್ನು ಆಡಿದರು. 1970ರಿಂದಾಚೆಗೆ ನಟರ ಸಂಘದ ಮೂಲಕ ನಟಿಯರ ಮಕ್ಕಳಿಗಾಗಿ ಶಿಶುವಿಹಾರ ಕಟ್ಟಿ ನಡೆಸುವ ಕೆಲಸಕ್ಕೆ ಇಳಿದರು. ಸ್ವಂತ ಮಕ್ಕಳಿಲ್ಲದ ಅವರು, ಚಿತ್ರೀಕರಣಕ್ಕೆ ಹೋಗುವ ತಾಯಂದಿರು ಮಕ್ಕಳನ್ನು ಎಲ್ಲಿ ಬಿಡಬೇಕು ಎಂಬ ಸಣ್ಣ ಪ್ರಶ್ನೆಗೆ ಉತ್ತರ ಹುಡುಕಿದರು. ಸಂಘಗಳಲ್ಲಿ ದುಡಿಯುವ ನಮಗೆ ಅವರ ಪ್ರಶಸ್ತಿಗಳಷ್ಟೇ ಈ ಕೆಲಸವೂ ದೊಡ್ಡದಾಗಿ ಕಾಣುತ್ತದೆ.

ಆ ಏಪ್ರಿಲ್ 11

1983ರ ಏಪ್ರಿಲ್ 11ರಂದು, ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚ್‌ನಲ್ಲಿ, ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಡೊಲೊರೆಸ್ ತೀರಿಕೊಂಡರು. ಅರವತ್ತೆರಡು ವರ್ಷಗಳ ಹಿಂದೆ ಅದೇ ತಾರೀಖಿನಂದು ಅವರಿಗೆ ಡೆಲ್ ರಿಯೋ ಎಂಬ ಹೆಸರು ಬಂದಿತ್ತು. ಚಿತಾಭಸ್ಮ ಗಡಿ ದಾಟಿ ಮೆಕ್ಸಿಕೊ ಸೇರಿತು. ಇಂದು ಅದು ರಾಜಧಾನಿಯಲ್ಲಿ, ನಾಡಿನ ಗಣ್ಯರ ಸ್ಮಾರಕದಲ್ಲಿದೆ. ಹಾಲಿವುಡ್‌ನಲ್ಲೂ ಒಂದು ಚೌಕದಲ್ಲಿ ನಾಲ್ವರು ನಟಿಯರ ಲೋಹದ ಪ್ರತಿಮೆಗಳು ಚಾವಣಿ ಹೊತ್ತು ನಿಂತಿವೆ. ಕರಿಯ ಜನಾಂಗದ ಡೊರೊತಿ ಡ್ಯಾಂಡ್ರಿಜ್, ಚೀನೀ ಮೂಲದ ಅನಾ ಮೇ ವಾಂಗ್, ಮೇ ವೆಸ್ಟ್, ಅವರ ಜತೆ ಡೊಲೊರೆಸ್.

ಅವರು ಕಣ್ಮುಚ್ಚಿದ ಆ ದಿನವೇ ಲಾಸ್ ಏಂಜಲಿಸ್‌ನಲ್ಲಿ ಆಸ್ಕರ್ ಸಮಾರಂಭ. ಗಿಬ್ಬನ್ಸ್ ರೂಪಿಸಿದ ಪುತ್ಥಳಿಗಳಲ್ಲಿ ಎಂಟು ಅಂದು ಗಾಂಧಿ ಚಿತ್ರಕ್ಕೆ ಹೋದವು. ನಮ್ಮ ಗಾಂಧಿಯ ಪಾತ್ರ ಮಾಡಿ ಶ್ರೇಷ್ಠ ನಟರಾದವರು ಇಂಗ್ಲೆಂಡಿನ ಬೆನ್ ಕಿಂಗ್ಸ್ಲಿ. ತಂದೆಯ ಕಡೆಯಿಂದ ಗುಜರಾತಿ ಮೂಲ, ಹುಟ್ಟುಹೆಸರು ಕೃಷ್ಣ ಪಂಡಿತ್ ಭಾಂಜಿ. ಅವರೂ ಹೆಸರು ಬದಲಿಸಿಕೊಂಡೇ ಮೇಲೆ ಬಂದವರು. ಅದೇ ಚಿತ್ರದ ವಸ್ತ್ರವಿನ್ಯಾಸಕ್ಕಾಗಿ ಕೊಲ್ಹಾಪುರದಲ್ಲಿ ಹುಟ್ಟಿದ ಭಾನು ಅಥೈಯಾ ಆಸ್ಕರ್ ಪಡೆದ ಮೊದಲ ಭಾರತೀಯರಾದರು. ಯಾರ ಕಥೆಯನ್ನು ಯಾರು ಹೇಳಬೇಕು ಎಂಬ ಪ್ರಶ್ನೆ ಡೊಲೊರೆಸ್ ಅವರ ಜತೆ ಅಂದು ಮುಗಿಯಲಿಲ್ಲ, ನಮ್ಮ ಹೊಸ್ತಿಲಿಗೂ ಬಂತು.

ನಾವು ಗಡಿನಾಡಿನವರು. ನಮ್ಮ ಕನ್ನಡವನ್ನು ಸಿನಿಮಾದಲ್ಲಿ ನಗಿಸಲಿಕ್ಕೆ ಮಾತ್ರ ಬಳಸಿದಾಗ ನಮಗೆ ನೋವಾಗುತ್ತದೆ. ಮಲಯಾಳದ, ಮರಾಠಿಯ, ತೆಲುಗಿನ ಎಳೆತ ಸೇರಿದ ಮಾತು ಪರದೆಯ ಮೇಲೆ ಅಡುಗೆಭಟ್ಟನಿಗೋ ಪೆದ್ದನಿಗೋ ಮೀಸಲಾದಾಗ ಮಾತಾಡಬೇಕು, ಮಾತಾಡುತ್ತೇವೆ. ಆದರೆ ನಮ್ಮ ಅಂಗಳದಲ್ಲೂ ಸೊಚಿಮಿಲ್ಕೊ ಇದೆ. ಕಾಸರಗೋಡಿನ ಕೊರಗರು, ತಾಳವಾಡಿ ಸೀಮೆಯ ಸೋಲಿಗರು, ನೀಲಗಿರಿಯ ಬಡಗರು, ತಾಂಡಾಗಳ ಲಂಬಾಣಿಗರು ನಮ್ಮ ನಾಟಕಗಳಲ್ಲಿ, ಶಾಲಾ ವಾರ್ಷಿಕೋತ್ಸವಗಳಲ್ಲಿ, ನಮ್ಮದೇ ಸಂಘದ ವೇದಿಕೆಗಳಲ್ಲಿ ಯಾರ ಬಾಯಿಂದ ಮಾತಾಡುತ್ತಾರೆ? ಅವರ ಉಡುಪು ತೊಟ್ಟು ಕುಣಿದವರು ಯಾರು, ಕೆಳಗೆ ಕೂತು ನೋಡಿದವರು ಯಾರು? ನಮ್ಮ ಮುಂದಿನ ಕಾರ್ಯಕ್ರಮ ಜೋಡಿಸುವಾಗ ಶಾಖೆಗಳ ಸದಸ್ಯರು ಈ ಪ್ರಶ್ನೆಯನ್ನು ಒಮ್ಮೆ ತಮ್ಮೊಳಗೆ ಕೇಳಿಕೊಳ್ಳಬೇಕೆಂದು ವಿನಂತಿಸುತ್ತೇವೆ.

ಸಾಧ್ಯವಾದರೆ ಯಾವುದಾದರೊಂದು ಶಾಖೆಯಲ್ಲಿ ಮರಿಯಾ ಕಾಂದೆಲಾರಿಯಾ ಚಿತ್ರವನ್ನು ಒಟ್ಟಿಗೆ ಕೂತು ನೋಡೋಣ. ಭಾಷೆ ತಿಳಿಯದಿದ್ದರೂ, ಕಾಲುವೆಯ ಮೇಲೆ ಹೂವಿನ ದೋಣಿ ನಡೆಸುತ್ತ ಬರುವ ಆ ಹೆಣ್ಣನ್ನು ಊರು ಅಡ್ಡಗಟ್ಟುವ ದೃಶ್ಯ ಯಾರಿಗೂ ಅರ್ಥವಾಗುತ್ತದೆ. ನೋಡಿದ ಮೇಲೆ ನಿಮಗನ್ನಿಸಿದ್ದನ್ನು ನಿಮ್ಮ ಊರಿನ ಕನ್ನಡದಲ್ಲೇ ನಮಗೆ ಬರೆದು ಕಳಿಸಿ. ತಿದ್ದದೆ ಪ್ರಕಟಿಸುತ್ತೇವೆ.